ಕೂತು ಉಣ್ಣುವವರು

ಕೂತು ಉಣ್ಣುವವರಿಗೆ ಕುಡಿಕೆ ಹೊನ್ನೂ ಸಾಲದು—
ಅತ್ತೆ ನನ್ನ ನೋಡಿಯೇ ಹೇಳುತ್ತಿದ್ದ ಗಾದೆ.
ಇಪ್ಪತ್ತೆರಡು ವರ್ಷ ನಾನು ಕೂತೇ ಉಂಡಿದ್ದೇನೆ,
ಕೂತೇ ಉಣಿಸಿದ್ದೇನೆ,
ಕುಶಾಲನಗರದ ಕಾಫಿ ಕ್ಯೂರಿಂಗ್ ಶೆಡ್ಡಿನಲ್ಲಿ
ಗೋಣಿತಾಟು ಮಡಚಿ ಹಾಸಿದ ಗೇಣಗಲದ ಮಣೆಯ ಮೇಲೆ.

ಎದುರಿಗೆ ಬೀಜದ ರಾಶಿ.
ಕರಿದು ಒಂದು ಕಡೆ, ಒಡಕು ಒಂದು ಕಡೆ,
ಹುಳ ಕೊರೆದದ್ದು ತಗಡಿನ ಡಬ್ಬಿಗೆ.
ಒಳ್ಳೆಯದು ಇದ್ದಲ್ಲೇ ಇರುತ್ತದೆ,
ಅದನ್ನು ಯಾರೂ ಮುಟ್ಟುವುದಿಲ್ಲ.
ಕಣ್ಣು ಓಡುತ್ತದೆ, ಬೆರಳು ಓಡುತ್ತವೆ,
ಸೊಂಟದಿಂದ ಕೆಳಗೆ ಮಾತ್ರ
ಯಾರದೋ ಸಾಮಾನು ಇಟ್ಟುಕೊಂಡ ಹಾಗೆ.

ಮೊದಲು ಬಂದದ್ದು ಜೋಮು.
ಆಮೇಲೆ ಸಂಜೆಯಾದರೆ ಕಾಲುಂಗುರ ಕಚ್ಚತೊಡಗಿತು;
ಒಂದು ದಿನ ಸೋಪು ಹಚ್ಚಿ ಕಿತ್ತು
ಸಾಸಿವೆ ಡಬ್ಬಿಯಲ್ಲಿಟ್ಟೆ.
ಮುತ್ತೈದೆಗೆ ಬರಿಬೆರಳೇ, ಎಂದಳು ನಾದಿನಿ.
ಆಮೇಲೆ ಮೊಣಕಾಲ ಹಿಂದೆ ನೀಲಿ ನರ
ಸಿಲ್ವರ್ ಮರಕ್ಕೆ ಮೆಣಸಿನ ಬಳ್ಳಿ ಹಬ್ಬಿದ ಹಾಗೆ
ಗಂಟುಗಂಟಾಗಿ ತಬ್ಬಿ ಹತ್ತಿತು.
ಬಳ್ಳಿಯಾಗಿದ್ದರೆ ಫಸಲಾದರೂ ಬರುತ್ತಿತ್ತು.

ಆಸ್ಪತ್ರೆಯ ಹೊಸ ಡಾಕ್ಟರಮ್ಮ,
ನನ್ನ ಮಗಳ ವಯಸ್ಸು, ಬೆರಳು ಚುಚ್ಚಿ ನೋಡಿ
ಏನು ಕೆಲಸ ಎಂದಳು.
ಕೂರುವ ಕೆಲಸ ಎಂದೆ.
ನಕ್ಕಳು. ಆಮೇಲೆ ನಗಲಿಲ್ಲ.
ಕೂತಲ್ಲೇ ಕೂತರೆ ರಕ್ತವೂ ಕೂರುತ್ತದಮ್ಮಾ,
ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕಿ.
ಚೀಟಿಯಲ್ಲಿ ಮಾತ್ರೆಯ ಕೆಳಗೆ ಬರೆದೂ ಕೊಟ್ಟಳು: ನಡಿಗೆ.
ಮೆಡಿಕಲ್ಲಿನ ಹುಡುಗ ಅದೊಂದನ್ನು ಬಿಟ್ಟು
ಉಳಿದೆಲ್ಲ ಕಟ್ಟಿದ.
ಕಾಫಿಯನ್ನು ಕೂತು ಆರಿಸಿದೆವು, ಎಂದಳು ನಬೀಸಾ,
ಸಕ್ಕರೆ ನೋಡು, ಕರೆಯದೆ ಬಂತು.

ಅರ್ಧ ಗಂಟೆಗೆ ಇಲ್ಲಿ ಯಾವ ಗಂಟೆ?
ಬಾರಿಸುವುದು ಎರಡೇ, ಊಟಕ್ಕೊಂದು, ಮನೆಗೊಂದು.
ನಡುವೆ ಎದ್ದರೆ ಗಾಜಿನ ಕೋಣೆಯಿಂದ
ರೈಟರು ಪೂವಯ್ಯನವರ ಕೆಮ್ಮು.
ಕೂಲಿ ತೂಕದ ಮೇಲೆ; ಹೆಜ್ಜೆಗೆ ತೂಕವಿಲ್ಲ.
ಕಕ್ಕಸಿಗೆ ಏಳಬೇಕಾದೀತೆಂದು
ನೀರೇ ಕುಡಿಯದೆ ವರ್ಷ ಕಳೆದವರು ನಾವು.

ಆಗ ಮುತ್ತಕ್ಕ, ನಮ್ಮಲ್ಲೆಲ್ಲ ಹೆಚ್ಚು ಬಾಗಿದವಳು,
ಒಂದು ಸೋಮವಾರ ಏನೂ ಹೇಳದೆ
ಕುಡಿಯುವ ನೀರಿನ ಕೊಡವನ್ನು
ನಮ್ಮ ಕಂಬದ ಬುಡದಿಂದ ಎತ್ತಿ
ಮುಂದಿನ ಕಂಬಕ್ಕೆ ಇಟ್ಟಳು.
ಮರುವಾರ ಜಲಜಾ ಇನ್ನೊಂದು ಕಂಬಕ್ಕೆ.
ಅದರ ಮರುವಾರ ನಾನು.
ಯುಗಾದಿಯ ಹೊತ್ತಿಗೆ ಕೊಡ
ಮೂಟೆಗಳ ಓಣಿ ದಾಟಿ, ತಕ್ಕಡಿ ದಾಟಿ
ಕಾವೇರಿ ಕಡೆಯ ಕಿಟಕಿ ಸೇರಿತ್ತು.
ನಮಗೆಲ್ಲ ಎಲ್ಲಿಲ್ಲದ ಬಾಯಾರಿಕೆ.

ಅರವತ್ತೆರಡು ಹೆಜ್ಜೆ. ಎಣಿಸಿದ್ದೇನೆ.
ಮೊದಲ ಹತ್ತು ಮುತ್ತಕ್ಕನ ಹಾಗೆ,
ನಡುವಿನವು ನನ್ನ ಹಾಗೆ,
ಕೊನೆಯವು ಲಗೋರಿ ಆಡುತ್ತಿದ್ದ ಯಾರೋ ಹುಡುಗಿಯ ಹಾಗೆ.

ಪೂವಯ್ಯನವರು ಕಂಡರು. ಎರಡು ದಿನ ಕೆಮ್ಮಿದರು.
ಮೂರನೆಯ ದಿನ ಕುರ್ಚಿಯ ತೋಳು ಹಿಡಿದು ಎದ್ದರು,
ಒಂದೇ ಸಲಕ್ಕಲ್ಲ, ಕಂತಿನಲ್ಲಿ.
ಬೈಯಲು ಬಂದವರು
ಕೊಡದ ಬಳಿ ಸೊಂಟ ಹಿಡಿದು ನಿಂತರು,
ಒಂದು ಲೋಟ ಕುಡಿದರು,
ಕಿಟಕಿಯಾಚೆ ನೋಡಿ
ಹೊಳೆ ಇಳಿದಿದೆ, ಎಂದರು.
ಯಾರಿಗೆ ಹೇಳಿದರೋ.
ಗಾಜಿನೊಳಗೂ ಅದೇ ಜೋಮು ಎಂದು
ನಮಗೆ ತಿಳಿದದ್ದು ಅವತ್ತು.

ಈಗ ಮೂಲೆಯಲ್ಲಿ ಬಣ್ಣ ನೋಡಿ ಆರಿಸುವ ಯಂತ್ರ ಬಂದಿದೆ.
ಹಗಲೂ ರಾತ್ರಿ ನಿಂತೇ ಇರುತ್ತದೆ, ಮಣೆ ಬೇಡ ಅದಕ್ಕೆ.
ಬರುವ ವರ್ಷ ನಮ್ಮಲ್ಲಿ ಅರ್ಧ ಜನ ಸಾಕಂತೆ.
ಏಳುವುದು ಬೇರೆ, ಎಬ್ಬಿಸುವುದು ಬೇರೆ,
ಎನ್ನುತ್ತಾಳೆ ನಬೀಸಾ, ನಗದೆ.

ಕೊಡ ಬರಿದಾಗಿದೆ. ತುಂಬಿ ತರುವ ಸರದಿ ನನ್ನದು.
ಮಣೆಗೆ ಎಡಗೈ ಊರಿ,
ಮೊಣಕಾಲಿಗೆ ಬಲಗೈ ಊರಿ,
ಅತ್ತೇ, ನೋಡಿ,
ಏಳುತ್ತಿದ್ದೇನೆ,
ಕಂತಿನಲ್ಲಿ.